ಬ್ರಿಟನ್ನಿನ ಹಬೆ ಎಂಜಿನ್ ಫೋಟೊಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಬ್ರಿಟನ್ನಿನ ಹಳೆ ರೈಲು ಚಿತ್ರಗಳನ್ನು ಸಂಗ್ರಹಿಸಲು ಹೊರಟವರಿಗೆ ಚಿತ್ರ ಸಿಗದೆ ಕಷ್ಟವಾಗುವುದಿಲ್ಲ, ರಾಶಿ ರಾಶಿ ಸಿಕ್ಕಿ ಕಷ್ಟವಾಗುತ್ತದೆ. 1948ರ ಜನವರಿ 1ರಂದು ಅಲ್ಲಿನ ನಾಲ್ಕು ದೊಡ್ಡ ರೈಲು ಕಂಪನಿಗಳು (ಗ್ರೇಟ್ ವೆಸ್ಟರ್ನ್, ಎಲ್‌ಎಮ್‌ಎಸ್, ಎಲ್‌ಎನ್‌ಇಆರ್, ಸದರ್ನ್) ಸರ್ಕಾರದ ವಶವಾಗಿ 'ಬ್ರಿಟಿಷ್ ರೈಲ್ವೇಸ್' ಆದಾಗ ಅದರ ಪಾಲಿಗೆ ಬಂದ ಹಬೆ ಎಂಜಿನ್ನುಗಳು ಸುಮಾರು 20,000. 1955ರಲ್ಲಿ ಆಧುನೀಕರಣದ ಯೋಜನೆ ಬಂತು. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಕೊನೆಯ ಹಬೆ ಎಂಜಿನ್ 'ಈವ್ನಿಂಗ್ ಸ್ಟಾರ್' ಹೊರಬಂತು. 1968ರ ಆಗಸ್ಟ್ ಹೊತ್ತಿಗೆ ಮುಖ್ಯ ಮಾರ್ಗಗಳಲ್ಲಿ ಹಬೆಯ ದಿನನಿತ್ಯದ ಓಡಾಟವೇ ಮುಗಿದಿತ್ತು. ಈ ಇಪ್ಪತ್ತು ವರ್ಷ, ಕ್ಯಾಮೆರಾ ಇದ್ದ ಹುಡುಗರಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರೂ ಹಳಿ ಪಕ್ಕ ನಿಂತು ಬಟನ್ ಒತ್ತಿದರು. ಹೋಗುತ್ತಿದೆ ಎಂದು ಗೊತ್ತಿದ್ದೇ ತೆಗೆದ ಚಿತ್ರಗಳು ಅವು, ಅದಕ್ಕೇ ಅಷ್ಟೊಂದು.

ಹಾಗಾಗಿ 'ಒಳ್ಳೆ ಫೋಟೊ ಯಾವುದು' ಎಂದು ಕೇಳುವ ಬದಲು 'ನನಗೆ ಏತಕ್ಕೆ ಬೇಕು' ಎಂದು ಮೊದಲು ಗೊತ್ತು ಮಾಡಿಕೊಂಡರೆ ಮುಕ್ಕಾಲು ಪಾಲು ಆಯ್ಕೆ ಅಲ್ಲಿಗೇ ಮುಗಿಯುತ್ತದೆ. ಬೈಠಕ್ಕಿನ ಗೋಡೆಗೆ ಒಂದು ಚಿತ್ರ ಬೇಕೆನ್ನುವವರು, ಮಾಡೆಲ್ ಕಟ್ಟುವವರು, ಇತಿಹಾಸದ ಹುಚ್ಚು ಹತ್ತಿದವರು, ಈ ಮೂವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ನನ್ನ ಒಲವನ್ನು ಮುಚ್ಚಿಡುವುದಿಲ್ಲ: ಓಡುವ ಎಕ್ಸ್‌ಪ್ರೆಸ್ಸಿಗಿಂತ ಲೋಕೋ ಶೆಡ್ಡಿನಲ್ಲಿ, ಎಂದರೆ ಎಂಜಿನ್ನುಗಳನ್ನು ಇರಿಸಿ ಸಜ್ಜು ಮಾಡುವ ಜಾಗದಲ್ಲಿ, ನಿಂತ ಎಂಜಿನ್ನಿನ ಚಿತ್ರದಲ್ಲಿ ಸರಕು ಜಾಸ್ತಿ. ಆದರೆ ಗೋಡೆಯ ಮಟ್ಟಿಗೆ ನಾನೂ ಎಕ್ಸ್‌ಪ್ರೆಸ್ಸಿಗೇ ಓಟು ಹಾಕುತ್ತೇನೆ.

ಓಡುವ ರೈಲೋ, ಲೋಕೋ ಶೆಡ್ಡೋ

ಓಡುವ ರೈಲಿನ ಚಿತ್ರಕ್ಕೆ ಬ್ರಿಟನ್ನಿನಲ್ಲಿ ಒಂದು ಕಟ್ಟುಪಾಡೇ ಇತ್ತು. ಸೂರ್ಯ ಫೋಟೊಗ್ರಾಫರನ ಬೆನ್ನಿಗಿರಬೇಕು, ಎಂಜಿನ್ನಿನ ಮುಖವೂ ಒಂದು ಪಕ್ಕೆಯೂ ಕಾಣಬೇಕು, ಹಿಂದೆ ಬೋಗಿಗಳ ಸಾಲು ತಿರುವಿನಲ್ಲಿ ಬಾಗಿರಬೇಕು, ಮೇಲೆ ಬಿಳಿ ಹಬೆ. ರೆಡಿಂಗ್ ಊರಿನ ಮಾರಿಸ್ ಅರ್ಲಿ ಅಲ್ಲೇ ಹತ್ತಿರದ ಸಾನಿಂಗ್ ಕಣಿವೆಯಲ್ಲಿ, ಎಂದರೆ ಗುಡ್ಡ ಕೊರೆದು ಹಳಿ ಹಾಕಿದ ಜಾಗದಲ್ಲಿ, ನಿಂತು ತೆಗೆದ ಗ್ರೇಟ್ ವೆಸ್ಟರ್ನ್ ರೈಲುಗಳ ಚಿತ್ರಗಳು ಈ ಬಗೆಯ ಮಾದರಿ. ಇನ್ನೊಬ್ಬರು ಎರಿಕ್ ಟ್ರೀಸಿ. ವೇಕ್‌ಫೀಲ್ಡಿನ ಬಿಷಪ್ ಆಗಿದ್ದವರು, ರೈಲಿನ ಜನರ ನಡುವೆ ಬೆರೆತವರು. 1978ರ ಮೇ ತಿಂಗಳಲ್ಲಿ ಆ್ಯಪಲ್‌ಬಿ ನಿಲ್ದಾಣದಲ್ಲಿ ಹಬೆ ರೈಲಿಗೆ ಕಾಯುತ್ತಿರುವಾಗಲೇ ತೀರಿಕೊಂಡರು. ಅವರ ಸಂಗ್ರಹ ಈಗ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ. ಗೋಡೆಗೆ ತೂಗುಹಾಕಲು ಚಿತ್ರ ಹುಡುಕುವವರು ಇವರಿಬ್ಬರ ಕಡೆ ಮೊದಲು ನೋಡಿದರೆ ಕೆಟ್ಟ ಆಯ್ಕೆಯಾಗುವ ಸಂಭವ ಕಡಿಮೆ.

ಈ ಬಗೆಯ ತೊಂದರೆಯೆಂದರೆ ಹತ್ತು ನೋಡಿದ ಮೇಲೆ ಹನ್ನೊಂದನೆಯದು ಹೊಸತೆನಿಸುವುದಿಲ್ಲ. ಎಂಜಿನ್ನಿನ ನಂಬರು ಬೇರೆ, ಉಳಿದದ್ದೆಲ್ಲ ಅದೇ. 1960ರ ದಶಕದಲ್ಲಿ ಕಾಲಿನ್ ಗಿಫರ್ಡ್ ಅಂಥವರು ಈ ಕಟ್ಟುಪಾಡನ್ನು ಬೇಕೆಂದೇ ಮುರಿದರು. ಎಂಜಿನ್ ಚಿತ್ರದ ಮೂಲೆಯಲ್ಲಿ ಚಿಕ್ಕದಾಗಿ, ಉಳಿದಷ್ಟೂ ಕಾರ್ಖಾನೆಯ ಚಿಮಣಿ, ಮಳೆಯಲ್ಲಿ ತೊಯ್ದ ಬೀದಿ, ಸೇತುವೆ ಮೇಲೆ ಮಕ್ಕಳು. ರೈಲಿನ ಬಗ್ಗೆ ಏನೂ ಗೊತ್ತಿಲ್ಲದ ಮನೆಮಂದಿಯೂ ನಿಂತು ನೋಡುವ ಚಿತ್ರ ಬೇಕಾದರೆ ಈ ಕಡೆ ಬನ್ನಿ.

ಇನ್ನು ಶೆಡ್ಡಿನ ಚಿತ್ರ. ಇಲ್ಲಿ ಎಂಜಿನ್ನಿಗೆ ಪೋಸು ಕೊಡುವ ಗತ್ತಿಲ್ಲ. ಪಕ್ಕದಲ್ಲಿ ಬೂದಿಯ ಗುಡ್ಡೆ, ನೀರಿನ ಕಂಬ, ಗೋಡೆಗೆ ಒರಗಿಸಿದ ಸೈಕಲ್ಲು, ಮೇಲೆ ಕಲ್ಲಿದ್ದಲು ಸುರಿಯುವ ಕಾಂಕ್ರೀಟ್ ಗೋಪುರ, ಕೆಳಗಿನ ಗುಂಡಿಗಿಳಿದು ಉರಿಬೂದಿ ಎಳೆಯುತ್ತಿರುವ ಮನುಷ್ಯ. ಒಂದು ಹಬೆ ಎಂಜಿನ್ ಓಡಲು ಎಷ್ಟು ಮಂದಿ ಮೈ ಮಸಿ ಮಾಡಿಕೊಳ್ಳುತ್ತಿದ್ದರು ಎಂಬುದು ಎಕ್ಸ್‌ಪ್ರೆಸ್ಸಿನ ಚಿತ್ರದಲ್ಲಿ ಕಾಣುವುದೇ ಇಲ್ಲ. ತಣ್ಣಗಿನ ಬಾಯ್ಲರಿನಲ್ಲಿ ಹಬೆ ಏಳಿಸಲು ಗಂಟೆಗಟ್ಟಲೆ ಬೇಕು. ಅದಕ್ಕೆ ಮುಂಚೆ ಕೊಳವೆ ಗುಡಿಸಬೇಕು, ಬೂದಿ ತೆಗೆಯಬೇಕು, ಬೆಂಕಿ ಹಾಕಬೇಕು. ಕ್ಲೀನರ್ ಆಗಿ ಸೇರಿದ ಹುಡುಗ ಫೈರ್‌ಮನ್ ಆಗಿ, ಎಷ್ಟೋ ವರ್ಷದ ಮೇಲೆ ಡ್ರೈವರ್ ಆಗುವ ಏಣಿಯ ಮೊದಲ ಮೆಟ್ಟಿಲೂ ಈ ಶೆಡ್ಡೇ. ನಮ್ಮ ಅರಸೀಕೆರೆ, ಹುಬ್ಬಳ್ಳಿ ಕಡೆಯ ಹಳೆ ರೈಲ್ವೆ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೆಡ್ಡಿನಲ್ಲೂ ಎರಡು ಜಾತಿ. ನೇರ ಶೆಡ್ಡಿನಲ್ಲಿ ಹಳಿಗಳು ಒಂದರ ಪಕ್ಕ ಒಂದು ಒಳಹೋಗುತ್ತವೆ. ಗುಂಡು ಶೆಡ್ಡಿನಲ್ಲಿ ನಡುವೆ ಎಂಜಿನ್ನನ್ನು ತಿರುಗಿಸುವ ಕಟ್ಟೆ, ಎಂದರೆ ಟರ್ನ್‌ಟೇಬಲ್, ಅದರ ಸುತ್ತ ಎಂಜಿನ್ನುಗಳ ವರ್ತುಲ. ಚಿತ್ರದ ದೃಷ್ಟಿಯಿಂದ ಗುಂಡು ಶೆಡ್ಡನ್ನು ಮೀರಿಸಿದ್ದಿಲ್ಲ. ಚಾವಣಿಯ ಹೊಗೆಗಂಡಿಗಳಿಂದ ಬಿಸಿಲಿನ ಕೋಲುಗಳು ಹೊಗೆಯನ್ನು ಸೀಳಿಕೊಂಡು ಬೀಳುತ್ತವೆ, ಎಷ್ಟೋ ಎಂಜಿನ್ನುಗಳ ಮೋರೆ ನಡುವಿಗೆ ತಿರುಗಿರುತ್ತದೆ. 1906ರಲ್ಲಿ ಶುರುವಾದ ಲಂಡನ್ನಿನ ಓಲ್ಡ್ ಓಕ್ ಕಾಮನ್ ಶೆಡ್ಡಿನಲ್ಲಿ ಒಂದೇ ಚಾವಣಿಯಡಿ ಇಂಥ ನಾಲ್ಕು ಟರ್ನ್‌ಟೇಬಲ್‌ಗಳಿದ್ದವು. ಆ ಶೆಡ್ಡಿನ ಒಳಗಿನ ಒಳ್ಳೆ ಪ್ರಿಂಟ್ ಕೈಗೆ ಸಿಕ್ಕರೆ ಹೆಚ್ಚು ಚೌಕಾಶಿ ಮಾಡಬೇಡಿ.

ಶೆಡ್ ಚಿತ್ರಗಳಲ್ಲಿ ಭಾನುವಾರದವು ಬಹಳ. ಅವತ್ತು ಗೂಡ್ಸ್ ಓಡಾಟ ಕಡಿಮೆ, ಎಂಜಿನ್ನುಗಳೆಲ್ಲ ಮನೆಗೆ ಬಂದಿರುತ್ತಿದ್ದವು. ಹವ್ಯಾಸಕ್ಕೆ ಎಂಜಿನ್ ನಂಬರು ಬರೆದುಕೊಳ್ಳುವ ಹುಡುಗರ ಗುಂಪುಗಳು ಪರವಾನಗಿ ಹಿಡಿದೋ, ಕಾವಲುಗಾರನ ಕಣ್ಣು ತಪ್ಪಿಸಿಯೋ ಒಳನುಗ್ಗುತ್ತಿದ್ದವು. ಶೆಡ್ಡಿನ ಕೆಲಸದ ಭರಾಟೆ ಕಾಣಬೇಕೆನ್ನುವವರಿಗೆ ಇಂಥ ಭಾನುವಾರದ ಚಿತ್ರ ಸ್ವಲ್ಪ ಪೆಚ್ಚೆನಿಸೀತು: ಎಂಜಿನ್ನುಗಳ ಜಾತ್ರೆಯೇನೋ ಇದೆ, ಮನುಷ್ಯರು ಮಾತ್ರ ಇಲ್ಲ.

ಕಾರ್ಖಾನೆಯ ಚಿತ್ರ, ಆಕಾಶದ ಚಿತ್ರ, ಗುಜರಿಯ ಚಿತ್ರ

ಮಾಡೆಲ್ ಕಟ್ಟುವವರಿಗೆ ಮೇಲಿನ ಎರಡಕ್ಕಿಂತ ಮುಖ್ಯವಾದದ್ದು ಕಾರ್ಖಾನೆಯವರೇ ತೆಗೆಸಿದ ಅಧಿಕೃತ ಚಿತ್ರ. ಹೊಸ ಎಂಜಿನ್ನಿಗೆ ಹೊಳಪಿಲ್ಲದ ಬೂದು ಬಣ್ಣ ಬಳಿದು, ಅಂಚಿನ ಗೆರೆಗಳನ್ನು ಕಪ್ಪು ಬಿಳುಪಿನಲ್ಲೇ ಎಳೆದು, ಪಕ್ಕದಿಂದ ದೊಡ್ಡ ಗಾಜಿನ ಪ್ಲೇಟಿನ ಮೇಲೆ ತೆಗೆದದ್ದು. ಬೂದು ಯಾಕೆಂದರೆ ಆ ಕಾಲದ ಪ್ಲೇಟಿನ ಮೇಲಿನ ಬೆಳಕು ಹಿಡಿಯುವ ಲೇಪಕ್ಕೆ, ಎಂದರೆ ಎಮಲ್ಷನ್‌ಗೆ ಕೆಂಪು ಕಾಣುತ್ತಿರಲಿಲ್ಲ; ಕಡುಗೆಂಪು ಎಂಜಿನ್ ಫೋಟೊದಲ್ಲಿ ಮಸಿ ಮುದ್ದೆಯಾಗುತ್ತಿತ್ತು. ಕ್ಯಾಮೆರಾ ಕಡೆಯ ಪಕ್ಕೆಗಷ್ಟೇ ಬೂದು ಬಳಿದು, ಫೋಟೊ ಆದ ಮೇಲೆ ನಿಜವಾದ ಬಣ್ಣ ಹಚ್ಚಿದ್ದೂ ಉಂಟು. ನೆಗೆಟಿವ್ ಮೇಲೆ ಹಿನ್ನೆಲೆಯನ್ನು ಕೈಯಲ್ಲೇ ಬಳಿದು ಮುಚ್ಚುತ್ತಿದ್ದರು, ಹಾಗಾಗಿ ಎಂಜಿನ್ ಬಿಳಿ ಹಾಳೆಯ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಒಂದೊಂದು ಮೊಳೆಯೂ ಎಣಿಸಲು ಸಿಗುತ್ತದೆ. ಆದರೆ ಎಂಜಿನ್ ನಿಜಕ್ಕೂ ಯಾವ ಬಣ್ಣದ್ದಿತ್ತು ಎಂದು ಇದರಿಂದ ತಿಳಿಯಲು ಹೋಗಬೇಡಿ.

ಕನ್ನಡಿಗರಿಗೆ ಈ ವಿಭಾಗದಲ್ಲೊಂದು ಸ್ವಂತ ಎಳೆ ಇದೆ. ಭಾರತದ ಹಳಿಗಳಿಗೆ ಎಂಜಿನ್ ಕಟ್ಟಿಕೊಟ್ಟ ವಲ್ಕನ್ ಫೌಂಡ್ರಿ, ಲೀಡ್ಸ್‌ನ ಕಿಟ್ಸನ್, ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್, ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಇವೆಲ್ಲ ಬ್ರಿಟನ್ನಿನ ಕಾರ್ಖಾನೆಗಳು. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ನಿಂತಿರುವ ಇಎಸ್ 506 ಎಂಜಿನ್ ಕೂಡ ಸ್ಟಾಫರ್ಡ್‌ನ ಬ್ಯಾಗ್ನಲ್ ಕಾರ್ಖಾನೆಯದು. ಬೇಯರ್ ಪೀಕಾಕ್ ಕಂಪನಿಯ ದಾಖಲೆಗಳು ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಮ್ಮಿನಲ್ಲಿವೆ. ಮೈಸೂರಿನಲ್ಲೋ ದೆಹಲಿಯಲ್ಲೋ ಕಣ್ಣಾರೆ ಕಂಡ ಎಂಜಿನ್ನಿನ ಕಾರ್ಖಾನೆ ಯಾವುದೆಂದು ಅದರ ಮೈಮೇಲಿನ ಫಲಕದಲ್ಲಿ ಓದಿಕೊಂಡು, ಆ ಕಾರ್ಖಾನೆಯ ಚಿತ್ರಗಳನ್ನು ಬೆನ್ನಟ್ಟುವುದು ಸಂಗ್ರಹ ಶುರು ಮಾಡಲು ಒಳ್ಳೆ ದಾರಿ.

ಶೆಡ್ಡಿನ ನಕ್ಷೆ ತಿಳಿಯಬೇಕಾದವರಿಗೆ ನೆಲದ ಮೇಲಿನ ಚಿತ್ರ ಸಾಲದು. ಏರೋಫಿಲ್ಮ್ಸ್ ಕಂಪನಿ ವಿಮಾನದಿಂದ ತೆಗೆದ ಚಿತ್ರಗಳಲ್ಲಿ 1919ರಿಂದ 1953ರವರೆಗಿನ ದೊಡ್ಡ ಭಾಗ 'ಬ್ರಿಟನ್ ಫ್ರಮ್ ಅಬೋವ್' ಎಂಬ ತಾಣದಲ್ಲಿದೆ. ಹೆಸರು ನೋಂದಾಯಿಸಿದರೆ ಪುಕ್ಕಟೆಯಾಗಿ ಹಿಗ್ಗಿಸಿ ನೋಡಬಹುದು. ಯಾವ ಹಳಿ ಯಾವ ಗುಂಡಿಗೆ, ಕಲ್ಲಿದ್ದಲು ಗೋಪುರ ಎಲ್ಲಿ, ಟರ್ನ್‌ಟೇಬಲ್ ಒಳಗೋ ಹೊರಗೋ, ಎಲ್ಲ ಒಂದೇ ನೋಟಕ್ಕೆ. ಹಣ ಕೊಟ್ಟು ಕೊಳ್ಳುವ ಮೊದಲು ಇಲ್ಲೊಮ್ಮೆ ಹುಡುಕಿ.

ಗುಜರಿಯ ಚಿತ್ರಗಳ ಬಗ್ಗೆ ಎರಡೇ ಮಾತು. ವೇಲ್ಸ್‌ನ ಬ್ಯಾರಿ ಊರಿನಲ್ಲಿ ವುಡ್‌ಹ್ಯಾಮ್ ಸೋದರರ ಗುಜರಿ ಅಂಗಳಕ್ಕೆ ಬಂದ 297 ಎಂಜಿನ್ನುಗಳಲ್ಲಿ 213 ಅಭಿಮಾನಿಗಳ ಕೈ ಸೇರಿ ಬದುಕಿದವು. ತುಕ್ಕು ಹಿಡಿದು ಸಾಲಾಗಿ ನಿಂತ ಆ ಎಂಜಿನ್ನುಗಳ ಚಿತ್ರ ಹೇರಳವಾಗಿ, ಅಗ್ಗವಾಗಿ ಸಿಗುತ್ತದೆ. ದಾಖಲೆಗಾಗಿ ಸರಿ, ದಿನಾ ಊಟದ ಹೊತ್ತಿಗೆ ಕಣ್ಣೆದುರು ಬೇಡ ಎಂಬುದು ನನ್ನ ಅಭಿಪ್ರಾಯ.

ಯಾವ ದಶಕ

1930ರ ದಶಕ ಕಂಪನಿಗಳ ಪೈಪೋಟಿಯ ಕಾಲ. 1938ರ ಜುಲೈ 3ರಂದು 'ಮ್ಯಾಲಾರ್ಡ್' ಎಂಬ ಎಂಜಿನ್ ಗಂಟೆಗೆ 126 ಮೈಲಿ ಮುಟ್ಟಿ ಹಬೆಯ ದಾಖಲೆ ಬರೆದದ್ದು ಆಗಲೇ. ಬಣ್ಣ ಬಣ್ಣದ ಎಂಜಿನ್ನುಗಳ ದಶಕ, ಆದರೆ ಉಳಿದಿರುವ ಚಿತ್ರಗಳು ಬಹುಪಾಲು ಕಪ್ಪು-ಬಿಳುಪು. ಫೋಟೊಗ್ರಾಫರುಗಳು ಕಡಿಮೆ, ಪ್ಲೇಟುಗಳು ದೊಡ್ಡವು. ಹಾಗಾಗಿ ಸಿಕ್ಕಷ್ಟು ಚಿತ್ರಗಳ ಗುಣಮಟ್ಟ ಚೆನ್ನ, ಬೆಲೆಯೂ ಅದಕ್ಕೆ ತಕ್ಕ ಹಾಗೆ.

ನನ್ನನ್ನು ಕೇಳಿದರೆ 1950ರಿಂದ 1960ರ ನಡುವಿನದು ಕೊಳ್ಳಿ. ಎಂಜಿನ್ನುಗಳು ಇನ್ನೂ ಶುಭ್ರವಾಗಿವೆ, ಹೆಸರಿನ ಫಲಕ ಸ್ವಸ್ಥಾನದಲ್ಲಿದೆ, ಕಂಪನಿ ಕಾಲದ ಮುದುಕ ಎಂಜಿನ್ನುಗಳೂ ಬ್ರಿಟಿಷ್ ರೈಲ್ವೇಸ್ ಹೊಸದಾಗಿ ಕಟ್ಟಿಸಿದ ಸ್ಟ್ಯಾಂಡರ್ಡ್ ಎಂಜಿನ್ನುಗಳೂ ಒಂದೇ ಶೆಡ್ಡಿನಲ್ಲಿ ನಿಂತಿರುತ್ತವೆ. ಸಾಮರ್‌ಸೆಟ್ ಮತ್ತು ಡಾರ್ಸೆಟ್ ಮಾರ್ಗದ ಗುಡ್ಡಗಳಲ್ಲಿ ಐವೋ ಪೀಟರ್ಸ್ ತೆಗೆದ ಚಿತ್ರಗಳಿಗೆ ಇವತ್ತಿಗೂ ಅಷ್ಟು ಬೇಡಿಕೆ ಇರಲು ಅರ್ಧ ಕಾರಣ ಆ ಮಾರ್ಗವೇ 1966ರ ಮಾರ್ಚಿನಲ್ಲಿ ಮುಚ್ಚಿಹೋದದ್ದು, ಇನ್ನರ್ಧ ಈ ದಶಕದ ಚೆಲುವು.

1965ರ ಆಚೆಗೆ ಬಂದರೆ ಚಿತ್ರಗಳ ಪ್ರವಾಹ. ಪಶ್ಚಿಮ ವಲಯದಲ್ಲಿ 1965ರ ಕೊನೆಗೆ, ದಕ್ಷಿಣದಲ್ಲಿ 1967ರ ಜುಲೈಗೆ ಹಬೆ ನಿಂತಿತು. ಕಡೆಗೆ ಲ್ಯಾಂಕಾಶೈರಿನ ಕಾರ್ನ್‌ಫರ್ತ್, ಲಾಸ್ಟಾಕ್ ಹಾಲ್, ರೋಸ್ ಗ್ರೋವ್ ಶೆಡ್ಡುಗಳು ಉಳಿದವು. 1968ರ ಆಗಸ್ಟ್ 11ರಂದು 15 ಗಿನಿ (ಬ್ರಿಟನ್ನಿನ ಹಳೆ ಹಣ) ಟಿಕೆಟ್ಟಿನ ವಿಶೇಷ ರೈಲು ಓಡಿತು, ಅಲ್ಲಿಗೆ ಮುಗಿಯಿತು. ಆ ಕೊನೆಯ ವರ್ಷಗಳ ಎಂಜಿನ್ನುಗಳ ಮೈಮೇಲೆ ಮಣ್ಣು, ಎಷ್ಟೋ ಕಡೆ ಫಲಕ ಕಿತ್ತು ನಂಬರನ್ನು ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಗೀಚಿದ್ದು. ಅದರಲ್ಲೇ ಒಂದು ಸೊಗಸಿದೆ ಎನ್ನುವವರೂ ಇದ್ದಾರೆ. ಅವರಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆ ಸಂಗ್ರಹ ಆಗುತ್ತದೆ.

ಬಣ್ಣವೋ, ಕಪ್ಪು-ಬಿಳುಪೋ

ಐವತ್ತರ ದಶಕದ ಕೊಡಾಕ್ರೋಮ್ ಫಿಲ್ಮಿನ ವೇಗ, ಎಂದರೆ ಬೆಳಕು ಹಿಡಿಯುವ ಚುರುಕು, ಎಎಸ್ಎ ಎಂಬ ಅಳತೆಯಲ್ಲಿ 10ರ ಆಸುಪಾಸು. ಇವತ್ತು ಮೊಬೈಲಿನಲ್ಲಿ ಫೋಟೊ ಹೊಡೆಯುವವರಿಗೆ ಅದು ಎಂಥ ಆಮೆ ವೇಗ ಎಂದು ಊಹಿಸುವುದೂ ಕಷ್ಟ. ಒಳ್ಳೆ ಬಿಸಿಲಿದ್ದರೂ ಓಡುವ ರೈಲನ್ನು ಹಿಡಿಯುವುದು ಸಾಹಸ. ಅದಕ್ಕೇ ಆ ಕಾಲದ ಬಣ್ಣದ ಸ್ಲೈಡುಗಳಲ್ಲಿ ನಿಂತ ಎಂಜಿನ್, ಅದರಲ್ಲೂ ಶೆಡ್ಡಿನ ಅಂಗಳದ ಎಂಜಿನ್, ಜಾಸ್ತಿ. 1961ರಲ್ಲಿ ಎಎಸ್ಎ 25ರ ಕೊಡಾಕ್ರೋಮ್ 2 ಬಂದ ಮೇಲೆ ಓಡುವ ರೈಲುಗಳ ಬಣ್ಣದ ಚಿತ್ರ ಹೆಚ್ಚಿದವು. ಅಷ್ಟರಲ್ಲಿ ಎಂಜಿನ್ನುಗಳು ಕೊಳಕಾಗತೊಡಗಿದ್ದವು. ಶುಭ್ರ ಎಂಜಿನ್, ಒಳ್ಳೆ ಬಣ್ಣ, ಓಡುವ ರೈಲು ಮೂರೂ ಒಂದೇ ಚೌಕಟ್ಟಿನಲ್ಲಿದ್ದರೆ ಅದರ ಬೆಲೆ ಏರುವುದು ಈ ಕಾರಣಕ್ಕೆ.

ಕೊಡಾಕ್ರೋಮ್ ಕತ್ತಲೆಯಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಬಿಡುವುದಿಲ್ಲ, ಪ್ರೊಜೆಕ್ಟರಿನಲ್ಲಿ ಪದೇ ಪದೇ ತೋರಿಸಿದ್ದರೆ ಮಾತ್ರ ಮಾಸುತ್ತದೆ. ಅದೇ ಕಾಲದ ಎಕ್ಟಾಕ್ರೋಮ್ ಇಟ್ಟಲ್ಲೇ ಕೆಂಪಿಗೆ ತಿರುಗುತ್ತದೆ. ಸ್ಲೈಡಿನ ಚೌಕಟ್ಟಿನ ಮೇಲೆ ಫಿಲ್ಮಿನ ಹೆಸರು ಅಚ್ಚಾಗಿರುವುದುಂಟು. ಅದು ಕಾಣುವ ಹಾಗೆ ಫೋಟೊ ಕಳಿಸಲು ಮಾರುವವರನ್ನು ಕೇಳಿ. ಸ್ಕ್ಯಾನ್ ಮಾಡುವವರಿಗೆ ಇನ್ನೊಂದು ಸೂಕ್ಷ್ಮ: ಧೂಳು ಅಳಿಸುವ ಅತಿಗೆಂಪು ತಂತ್ರ ಕಪ್ಪು-ಬಿಳುಪು ನೆಗೆಟಿವ್ ಮೇಲೆ ನಡೆಯುವುದಿಲ್ಲ, ಕೊಡಾಕ್ರೋಮ್ ಮೇಲೂ ಎಡವುತ್ತದೆ. ಕೂತು ಕೈಯಲ್ಲೇ ತಿದ್ದುವ ತಾಳ್ಮೆ ಬೇಕು.

ಈಚೆಗೆ ಕಪ್ಪು-ಬಿಳುಪು ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮಾರುವವರು ಹೆಚ್ಚಿದ್ದಾರೆ. ಅದನ್ನು ಮುಟ್ಟಬೇಡಿ ಎಂದೇ ಹೇಳುತ್ತೇನೆ. 'ಕೊರೋನೇಷನ್' ವರ್ಗದ ಎಂಜಿನ್ನುಗಳು ಬೇರೆ ಬೇರೆ ಕಾಲಕ್ಕೆ ನೀಲಿ, ಕಡುಗೆಂಪು, ಯುದ್ಧದ ಹೊತ್ತಿಗೆ ಕಪ್ಪು, ಮತ್ತೆ ನೀಲಿ, ಹಸಿರು, ಕೆಲವಕ್ಕೆ ಪುನಃ ಕೆಂಪು ಹೀಗೆಲ್ಲ ಬಣ್ಣ ಕಂಡಿವೆ. ಬೂದು ಛಾಯೆ ನೋಡಿ ಇದರಲ್ಲಿ ಯಾವುದೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಮಾಡೆಲಿಗೆ ಬಣ್ಣ ಹಚ್ಚುವವರು ಇದನ್ನು ನಂಬಿದರೆ ಕೆಲಸವೆಲ್ಲ ಹಾಳು.

ಅಸಲು, ಮರುಪ್ರಿಂಟ್, ಫೈಲ್

ಅಸಲು ನೆಗೆಟಿವ್ ಅಥವಾ ಸ್ಲೈಡ್ ಕೊಂಡರೆ ಜಗತ್ತಿನಲ್ಲಿ ಅದೊಂದೇ ನಿಮ್ಮಲ್ಲಿರುತ್ತದೆ. ಆದರೆ ವಸ್ತು ನಿಮ್ಮದಾಯಿತೆಂದ ಮಾತ್ರಕ್ಕೆ ಕಾಪಿರೈಟ್ ನಿಮ್ಮದಾಗುವುದಿಲ್ಲ. ಬ್ರಿಟನ್ನಿನಲ್ಲಿ ಈಗಿನ ಸಾಮಾನ್ಯ ನಿಯಮದಂತೆ ಫೋಟೊಗ್ರಾಫರ್ ತೀರಿಕೊಂಡ 70 ವರ್ಷದವರೆಗೆ ಹಕ್ಕು ಅವರ ವಾರಸುದಾರರದು. ಅಚ್ಚು ಹಾಕುವ, ಕ್ಯಾಲೆಂಡರ್ ಮಾಡುವ ಆಲೋಚನೆ ಇದ್ದರೆ 'ಹಕ್ಕು ಸಮೇತ' ಎಂದು ಬರಹದಲ್ಲಿ ಇರುವುದನ್ನೇ ಕೊಳ್ಳಿ. ಹರಾಜಿನ ತಾಣಗಳಲ್ಲಿ ಎರಡೂ ಬಗೆಯವು ಪಕ್ಕಪಕ್ಕದಲ್ಲೇ ಇರುತ್ತವೆ, ಸಣ್ಣ ಅಕ್ಷರ ಓದಬೇಕು.

ಅಸಲು ಕಪ್ಪು-ಬಿಳುಪು ಪ್ರಿಂಟ್, ಪೋಸ್ಟ್‌ಕಾರ್ಡ್ ಅಳತೆಯದು, ಹೊಸಬರಿಗೆ ನಾನು ಸೂಚಿಸುವ ಮೊದಲ ಹೆಜ್ಜೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಊರು, ತಾರೀಖು, ರೈಲಿನ ಹೆಸರು ಬರೆದದ್ದಿದ್ದರೆ ಇನ್ನೂ ಒಳ್ಳೆಯದು. ಮುಂಬದಿ ತುಸು ಮಂಕಾಗಿ ಹಿಂಬದಿ ಭರ್ತಿ ಬರಹವಿರುವ ಪ್ರಿಂಟನ್ನೂ, ಮುಂಬದಿ ಥಳಥಳಿಸಿ ಹಿಂಬದಿ ಖಾಲಿ ಇರುವ ಪ್ರಿಂಟನ್ನೂ ಎದುರಿಗಿಟ್ಟರೆ ನನ್ನ ಕೈ ಮೊದಲನೆಯದಕ್ಕೇ ಹೋಗುತ್ತದೆ.

ಬರಹವನ್ನು ಕಣ್ಣುಮುಚ್ಚಿ ನಂಬಬಾರದು, ಎಂಜಿನ್ನನ್ನೇ ಸಾಕ್ಷಿಗೆ ಕರೆಯಬೇಕು. 1948ರ ನಂತರ ಎಲ್‌ಎಮ್‌ಎಸ್ ಎಂಜಿನ್ನುಗಳ ನಂಬರಿಗೆ 40,000, ಎಲ್‌ಎನ್‌ಇಆರ್‌ನವಕ್ಕೆ 60,000, ಸದರ್ನ್‌ನವಕ್ಕೆ 30,000 ಕೂಡಿಸಿದರು. ಗ್ರೇಟ್ ವೆಸ್ಟರ್ನ್‌ನವು ಹಳೇ ನಂಬರಿನಲ್ಲೇ ಉಳಿದವು. ಕಲ್ಲಿದ್ದಲು ಹೊರುವ ಟೆಂಡರಿನ ಮೇಲೆ ಚಕ್ರದ ಮೇಲೆ ನಿಂತ ಸಿಂಹವಿದ್ದರೆ ಆ ಲಾಂಛನ 1950ರ ಸುಮಾರಿನಲ್ಲಿ ಬಂದದ್ದು. ಕಿರೀಟದಿಂದ ಎದ್ದ ಸಿಂಹ ಚಕ್ರ ಹಿಡಿದಿದ್ದರೆ 1956 ಅಥವಾ ಆಮೇಲಿನದು. ಕ್ಯಾಬಿನ ಪಕ್ಕೆಗೆ ಓರೆಯಾಗಿ ಹಳದಿ ಪಟ್ಟಿ ಬಳಿದಿದ್ದರೆ 1964ಕ್ಕಿಂತ ಹಿಂದಿನದಲ್ಲ: ಕ್ರೂ ಎಂಬ ಊರಿನಿಂದ ದಕ್ಷಿಣಕ್ಕೆ ವಿದ್ಯುತ್ ತಂತಿಯಡಿ ಹೋಗಕೂಡದು ಎಂಬ ಗುರುತು ಅದು.

ಇನ್ನು ಎಂಜಿನ್ನಿನ ಮುಂತುದಿಯ ಹೊಗೆಪೆಟ್ಟಿಗೆ, ಎಂದರೆ ಸ್ಮೋಕ್‌ಬಾಕ್ಸ್, ಅದರ ಬಾಗಿಲಿನ ಕೆಳಭಾಗದ ಮೊಟ್ಟೆಯಾಕಾರದ ಚಿಕ್ಕ ಫಲಕ. ಅದರಲ್ಲಿ ಎಂಜಿನ್ನಿನ ತವರು ಶೆಡ್ಡಿನ ಸಂಕೇತವಿರುತ್ತದೆ. 34ಎ ಎಂದರೆ ಕಿಂಗ್ಸ್ ಕ್ರಾಸ್, 81ಎ ಎಂದರೆ ಓಲ್ಡ್ ಓಕ್ ಕಾಮನ್, 70ಎ ಎಂದರೆ ನೈನ್ ಎಲ್ಮ್ಸ್. ಈ ಸಂಕೇತಗಳೂ ಬದಲಾಗುತ್ತಿದ್ದವು: ಕಾರ್ನ್‌ಫರ್ತ್ 1958ರವರೆಗೆ 11ಎ, 1963ರವರೆಗೆ 24ಎಲ್, ಆಮೇಲೆ 10ಎ. 'ಕಾರ್ನ್‌ಫರ್ತ್, 1955' ಎಂದು ಬರೆದ ಚಿತ್ರದಲ್ಲಿ 10ಎ ಫಲಕ ಕಂಡರೆ ಮಾರುವವರಿಗೆ ಮೆಲ್ಲಗೆ ತಿಳಿಸಿ, ಬೆಲೆ ಇಳಿಸಿಯಾರು. ಓಡುವ ರೈಲಾದರೆ ಮುಂದಿನ ದೀಪಗಳನ್ನು ನೋಡಿ. ಎರಡು ಬಫರುಗಳ ಮೇಲೂ ಒಂದೊಂದು ದೀಪವಿದ್ದರೆ ಅದು ಎಕ್ಸ್‌ಪ್ರೆಸ್. ದಕ್ಷಿಣ ವಲಯದವರು ಮಾತ್ರ ಬಿಳಿ ಬಿಲ್ಲೆಗಳಿಂದ ಮಾರ್ಗವನ್ನು ಸೂಚಿಸುತ್ತಿದ್ದರು.

ಮರುಪ್ರಿಂಟ್ ಕೊಳ್ಳುವುದಾದರೆ ಕಲರ್-ರೈಲ್, ಟ್ರಾನ್ಸ್‌ಪೋರ್ಟ್ ಟ್ರೆಷರಿಯಂಥ ಚಿತ್ರಭಂಡಾರಗಳಿವೆ. ಹಕ್ಕಿನ ಗೊಂದಲವಿಲ್ಲ, ವಿವರ ತಕ್ಕಮಟ್ಟಿಗೆ ನಂಬುವಂತಿರುತ್ತದೆ, ಬೇಕಾದ ಅಳತೆಗೆ ಕೇಳಬಹುದು. ಗೋಡೆಯ ಚಿತ್ರಕ್ಕೆ ಇದೇ ಸರಿ. ಅಸಲಿಗೆ ಹಣ ಸುರಿದು ಅದನ್ನು ಬಿಸಿಲು ಬೀಳುವ ಗೋಡೆಗೆ ಹಾಕುವುದು ಶುದ್ಧ ದಂಡ.

ಪುಕ್ಕಟೆ ಫೈಲ್ ಸಾಕೆನ್ನುವವರಿಗೆ ವಿಕಿಮೀಡಿಯಾ ಕಾಮನ್ಸ್, ಜಿಯೋಗ್ರಾಫ್ ತಾಣಗಳಲ್ಲಿ ಫೋಟೊಗ್ರಾಫರುಗಳೇ ಮುಕ್ತ ಪರವಾನಗಿಯಲ್ಲಿ ಹಾಕಿದ ಐವತ್ತು ಅರವತ್ತರ ದಶಕದ ಚಿತ್ರಗಳಿವೆ. ಹೆಸರು ಹಾಕಿ, ಆಯಾ ಚಿತ್ರದ ಪರವಾನಗಿಯ ಷರತ್ತಿನಂತೆ ಬಳಸಬೇಕು. ಪ್ರಿಂಟ್ ಹಾಕಿಸುವ ಮುಂಚೆ ಒಂದು ಲೆಕ್ಕ: 12×8 ಇಂಚಿನ ಒಳ್ಳೆ ಪ್ರಿಂಟಿಗೆ 3600×2400 ಪಿಕ್ಸೆಲ್ ಬೇಕು. 1024 ಪಿಕ್ಸೆಲ್ ಅಗಲದ ಫೈಲನ್ನು ಸ್ಟುಡಿಯೋಗೆ ಕೊಟ್ಟರೆ ಮೂರೂವರೆ ಇಂಚು ದಾಟಿದ ಮೇಲೆ ಮಸುಕು ಶುರು.

ಇಂಗ್ಲೆಂಡಿನಲ್ಲಿ ನೆಂಟರಿರುವವರು ಅವರ ವಿಳಾಸಕ್ಕೆ ತರಿಸಿ, ಊರಿಗೆ ಬರುವಾಗ ಹಿಡಿದುಕೊಂಡು ಬರಲು ಹೇಳುವುದು ಕ್ಷೇಮ. ಅಂಚೆಯಲ್ಲಿ ಮಡಚಿದ ಪ್ರಿಂಟಿಗೆ ಮದ್ದಿಲ್ಲ. ನೀವೇ ಅಲ್ಲಿಗೆ ಹೋಗುವುದಾದರೆ ಕೊಳ್ಳುವ ಮೊದಲು ಎರಡು ಜಾಗ ನೋಡಿ. ಯಾರ್ಕ್ ಮ್ಯೂಸಿಯಮ್ 1975ರಲ್ಲಿ ತೆರೆದದ್ದು ಹಳೆಯ ಯಾರ್ಕ್ ನಾರ್ತ್ ಶೆಡ್ಡಿನಲ್ಲೇ, ಟರ್ನ್‌ಟೇಬಲ್ ಇಂದಿಗೂ ಇದೆ. ಡಿಡ್‌ಕಾಟ್‌ನಲ್ಲಿ 1932ರ ಗ್ರೇಟ್ ವೆಸ್ಟರ್ನ್ ಶೆಡ್ಡು ಕಲ್ಲಿದ್ದಲು ಕಟ್ಟೆಯ ಸಮೇತ ಉಳಿದಿದೆ. ಅಲ್ಲಿ ಒಂದು ಸುತ್ತು ಹಾಕಿದ ಮೇಲೆ ಶೆಡ್ ಚಿತ್ರದಲ್ಲಿ ಯಾವ ವಸ್ತು ಏನೆಂದು ಯಾರನ್ನೂ ಕೇಳಬೇಕಾಗಿ ಬರುವುದಿಲ್ಲ.

ತಂದ ಮೇಲೆ ಇಡುವ ಮಾತು. ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ಸ್ಲೈಡಿಗೆ ಬೂಷ್ಟು ಹಿಡಿಯಲು ತಡವಾಗುವುದಿಲ್ಲ, ಹಿಡಿದರೆ ಎಮಲ್ಷನ್ನನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ತೇವ ಹೀರಿದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಪ್ರಿಂಟುಗಳನ್ನು ಅಂಟುಹಾಳೆಯ ಆಲ್ಬಮ್ಮಿಗಾಗಲಿ ಅಗ್ಗದ ಪಿವಿಸಿ ಕವರಿಗಾಗಲಿ ತುಂಬಬೇಡಿ, ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು. ಹಿಂಬದಿಯಲ್ಲಿ ನೀವೇನಾದರೂ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಹಳೆ ಬರಹವನ್ನು ಮುಟ್ಟದೆ ಬರೆಯಿರಿ.